ನುಗ್ಗೇಹಳ್ಳಿ: ಗುಡಿ, ಕೆರೆ ಮತ್ತು ಊರೊಟ್ಟಿನ ಬದುಕು

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ನುಗ್ಗೇಹಳ್ಳಿ ಸಿಗುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇದೊಂದು ಹೋಬಳಿ ಕೇಂದ್ರ. ಹೊರಗಿನಿಂದ ಬಂದವರು ಹೊಯ್ಸಳರ ಗುಡಿ ನೋಡಿ, ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಗುಡಿಯ ಸುತ್ತ ಏಳುನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಬಾಳುತ್ತ ಬಂದ ಊರಿಗೂ ಒಂದು ಚರಿತ್ರೆಯಿದೆ. ಈ ಅಧ್ಯಾಯದಲ್ಲಿ ಆ ಎರಡನ್ನೂ ಒಟ್ಟಿಗೆ ನೋಡೋಣ.

ದಂಡನಾಯಕನ ಅಗ್ರಹಾರ

ಈ ಊರಿನ ಹಳೆಯ ಹೆಸರು ವಿಜಯ ಸೋಮನಾಥಪುರ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಇದನ್ನು ಅಗ್ರಹಾರವಾಗಿ ಬೆಳೆಸಿದ. ಅಗ್ರಹಾರವೆಂದರೆ ಓದು, ಪಾಠ, ಪೂಜೆಗಳಿಗಾಗಿ ಭೂಮಿಯ ಹುಟ್ಟುವಳಿಯನ್ನು ದಾನವಾಗಿ ಬಿಟ್ಟ ಊರು. ಸೋಮೇಶ್ವರ ತನ್ನ ಆಳ್ವಿಕೆಯ ಬಹುಕಾಲ ತಮಿಳುನಾಡಿನ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿದ್ದ. ಅರಸು ಅಷ್ಟು ದೂರವಿದ್ದಾಗ ಕನ್ನಡ ನಾಡಿನ ಊರುಗಳಲ್ಲಿ ಗುಡಿ ಕಟ್ಟಿಸಿ, ದತ್ತಿ ಬಿಟ್ಟು ನೆಲೆ ನಿಲ್ಲಿಸಿದವರಲ್ಲಿ ಬೊಮ್ಮಣ್ಣನಂಥ ದಂಡನಾಯಕರು ಮುಖ್ಯರು.

ಬೊಮ್ಮಣ್ಣ 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಮೂರೇ ವರ್ಷದಲ್ಲಿ, 1249ರಲ್ಲಿ, ಸದಾಶಿವ ದೇವಾಲಯವೂ ಎದ್ದಿತು. ಒಂದು ವಿಷ್ಣುವಿಗೆ, ಇನ್ನೊಂದು ಶಿವನಿಗೆ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಜೈನರ ಗೊಮ್ಮಟ ಅದಕ್ಕೂ ಎರಡೂವರೆ ಶತಮಾನ ಮೊದಲೇ ನಿಂತಿದ್ದ. ಈ ಸೀಮೆಯ ಜನ ಹಲವು ನಂಬಿಕೆಗಳ ನಡುವೆ ಬಾಳುವುದನ್ನು ಬಹಳ ಹಿಂದೆಯೇ ಕಲಿತಿದ್ದರು.

ಹೆಸರು ಉಳಿಸಿಹೋದ ಇಬ್ಬರು

ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿವೆ. ನಡುವೆ ಕೇಶವ, ಪಕ್ಕದ ಎರಡರಲ್ಲಿ ವೇಣುಗೋಪಾಲ ಮತ್ತು ಲಕ್ಷ್ಮೀನರಸಿಂಹ. ಮುಂದಿನ ದೊಡ್ಡ ಮಂಟಪ ಆಮೇಲೆ ಸೇರಿದ್ದು. ಕಟ್ಟಡದ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಹೊಯ್ಸಳ ಶಿಲ್ಪದ ಕೂದಲೆಳೆಯ ಕುಸುರಿ ಸಾಧ್ಯವಾದದ್ದು ಈ ಗುಣದಿಂದ.

ಗೋಡೆಯ ಮೂರ್ತಿಗಳಲ್ಲಿ ತೆಂಕಣ ಬದಿಯವು ಬೈಚೋಜನವು, ಬಡಗಣ ಬದಿಯವು ಮಲ್ಲಿತಮ್ಮನವು. ಇಬ್ಬರೂ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದರಿಂದ ಇಷ್ಟು ಖಚಿತವಾಗಿ ಹೇಳಬಹುದು. ಮಲ್ಲಿತಮ್ಮ ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಕೆಲಸ ಆರಂಭಿಸಿದವನು. ಮುಂದೆ ತಿ. ನರಸೀಪುರದ ಬಳಿಯ ಸೋಮನಾಥಪುರದಲ್ಲೂ ಉಳಿ ಹಿಡಿದ. ಅವನ ಕಸುಬಿನ ಬದುಕು ಸುಮಾರು 60 ವರ್ಷಗಳದ್ದು. ದೊರೆಯ ಹೆಸರಿನ ಜೊತೆ ಕೆಲಸಗಾರನ ಹೆಸರನ್ನೂ ಉಳಿಸಿಕೊಟ್ಟ ಗುಡಿಗಳು ಭಾರತದಲ್ಲಿ ಬಹಳವಿಲ್ಲ. ನುಗ್ಗೇಹಳ್ಳಿಯ ದೊಡ್ಡ ಹೆಮ್ಮೆ ಇದೇ ಆಗಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಆದರೆ ಸೋಮನಾಥಪುರದ ಕೇಶವ ದೇವಾಲಯ ನೋಡಿದವರು ಇಲ್ಲಿಗೂ ಬರಬೇಕು. ಅಲ್ಲಿ ಪೂರ್ಣವಾಗಿ ಅರಳಿದ ಮೂರು ಗುಡಿಗಳ ಯೋಜನೆ ಇಲ್ಲಿ ಕೆಲವು ವರ್ಷ ಮೊದಲೇ ಚಿಕ್ಕ ಅಳತೆಯಲ್ಲಿ ಕಾಣುತ್ತದೆ.

ಕೆರೆ ಮತ್ತು ಊರಾಳಿಕೆ

ಗುಡಿ ಕಟ್ಟಿಸಿದವನು ಒಬ್ಬ. ಊರನ್ನು ಉಳಿಸಿದವರು ಸಾವಿರಾರು ಜನ. ಈ ಬಯಲುಸೀಮೆಯಲ್ಲಿ ಊರು ಉಳಿಯಬೇಕಾದರೆ ಕೆರೆ ಉಳಿಯಬೇಕಿತ್ತು. ಏರಿ, ತೂಬು, ಕೋಡಿ ಮೂರೂ ಸರಿಯಿದ್ದರೆ ಗದ್ದೆಯಲ್ಲಿ ಭತ್ತ, ಬಾವಿಯಲ್ಲಿ ನೀರು. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು ಊರವರೆಲ್ಲ ಆಳು ಕೊಟ್ಟು ಮಾಡಬೇಕಾದ ಕೆಲಸ. ಹೊಲದ ಕೆಲಸದಲ್ಲೂ ಮುಯ್ಯಾಳಿನ ಪದ್ಧತಿಯಿತ್ತು: ಇಂದು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ಕೊಯ್ಲಿಗೆ ನೀವು.

ಈ ಊರೊಟ್ಟಿನಲ್ಲಿ ಎಲ್ಲರೂ ಸಮಾನರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿಕೆ ಎಲ್ಲವೂ ವಂಶಪಾರಂಪರ್ಯವಾಗಿ ಬರುತ್ತಿದ್ದವು. ಕೆಲವರಿಗೆ ಅದು ಅಧಿಕಾರ. ತೋಟಿಗೆ ಬಿಡಿಸಿಕೊಳ್ಳಲಾಗದ ದುಡಿತ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಪದ್ಧತಿಯನ್ನು ಕೊನೆಗೊಳಿಸಿತು. 1974ರ ಭೂಸುಧಾರಣೆ ಗೇಣಿದಾರರಿಗೆ ಉಳುವ ನೆಲದ ಹಕ್ಕು ಕೊಟ್ಟಿತು. 1987ರ ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳು ಮೀಸಲಾತಿಯಿಂದ ದೊಡ್ಡ ಸಂಖ್ಯೆಯಲ್ಲಿ ಸದಸ್ಯರಾಗಿ ಕುಳಿತರು. ಹಳ್ಳಿಯ ಬದುಕಿನಲ್ಲಿ ಇವು ಯಾವ ಯುದ್ಧಕ್ಕಿಂತಲೂ ದೊಡ್ಡ ಘಟನೆಗಳು.

ತೆಂಗು, ಸುರಂಗ, ನೀರು

ಇಂದು ಈ ಸೀಮೆಯ ಮುಖ್ಯ ಬೆಳೆ ತೆಂಗು, ಹೊಟ್ಟೆಯ ಬೆಳೆ ರಾಗಿ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ನೀರು ಬತ್ತಿ ಒಳಗೇ ಉಂಡೆ ಕೊಬ್ಬರಿಯಾಗುತ್ತದೆ. ಅದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಯ ದರ ಏರಿದರೆ ಮದುವೆ, ಮನೆ ಕಟ್ಟುವ ಮಾತು; ಇಳಿದರೆ ಸಾಲದ ಮಾತು.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಎಡದಂಡೆ ನಾಲೆಯ ನೀರನ್ನು ತುಮಕೂರಿನ ಕಡೆಗೆ ಒಯ್ಯಲು ಇದೇ ತಾಲ್ಲೂಕಿನ ಬಾಗೂರು ಮತ್ತು ನವಿಲೆಯ ನಡುವೆ ಸುಮಾರು 10 ಕಿ.ಮೀ. ಉದ್ದದ ಸುರಂಗ ಕೊರೆದರು. ನೀರು ಊರಿನ ಅಡಿಯಲ್ಲೇ ಹರಿದು ಮುಂದಕ್ಕೆ ಹೋದರೂ ಮೇಲಿನ ಕೆರೆಗಳು ಮಳೆಗೇ ಕಾಯಬೇಕಾಯಿತು. ಸುರಂಗದ ಹಾದಿಯ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಇದೇ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್. ಎಲ್. ಭೈರಪ್ಪ ಇಳಿವಯಸ್ಸಿನಲ್ಲಿ ಸರ್ಕಾರದ ಮುಂದಿಟ್ಟ ಕೋರಿಕೆಯೂ ಇದೇ: ನಮ್ಮೂರಿನ ಕೆರೆಗೆ ನೀರು ತುಂಬಿಸಿ. ಅದು ಕೈಗೂಡಿದ್ದನ್ನು ಕಂಡು ಅವರು 2025ರಲ್ಲಿ ತೀರಿಕೊಂಡರು.

ಊರಿನ ಚರಿತ್ರೆ ಬರೆಯುವವರು ಯಾರು?

ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ದಾಖಲೆ ಹಳ್ಳಿ ಹಳ್ಳಿಯ ಉಳುಮೆ, ನೇಗಿಲು, ಗಿರಣಿಗಳನ್ನು ಬರೆದಿಟ್ಟಿತು. 1538ರಿಂದ ಅಲ್ಲಿಯ ಪ್ರತಿ ಊರಿನ ಚರ್ಚು ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ದಾಖಲಿಸಬೇಕಾಯಿತು. ಹಾಗಾಗಿ ಅಲ್ಲಿ ಸಣ್ಣ ಹಳ್ಳಿಗೂ ತನ್ನದೇ ಚರಿತ್ರೆಯ ಪುಸ್ತಕವಿರುತ್ತದೆ. ಬರೆದವರು ಹೆಚ್ಚಾಗಿ ಊರವರೇ.

ನಮ್ಮಲ್ಲಿ ದಾಖಲೆ ಕಡಿಮೆಯೇನಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟ 1902ರಲ್ಲೇ ಈ ತಾಲ್ಲೂಕಿನ ಶಾಸನಗಳನ್ನು ಅಚ್ಚು ಹಾಕಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಾಸನ ಸೀಮೆಯ ಹಳ್ಳಿಯ ಜನರನ್ನು ತಮ್ಮ ಬರಹಗಳಲ್ಲಿ ನಿಲ್ಲಿಸಿದರು. ಭೈರಪ್ಪನವರ ‘ಗೃಹಭಂಗ’ ಪ್ಲೇಗಿನ ಕಾಲದ ಈ ಭಾಗದ ಮನೆಗಳನ್ನು ತೋರಿಸಿತು. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸ್ ಅವರ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಆದರೂ ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದು 1976ರಲ್ಲಿ ಹೊರತಂದರು. ಜಗತ್ತಿನ ಸಮಾಜಶಾಸ್ತ್ರಜ್ಞರು ಇಂದಿಗೂ ಅದನ್ನು ಓದುತ್ತಾರೆ.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಡ. ನಿಮ್ಮ ಊರಿನ ಶಾಸನದ ಪಾಠವನ್ನು ಗ್ರಂಥಾಲಯದಲ್ಲಿ ಹುಡುಕಿ, ಪ್ರತಿ ಮಾಡಿಕೊಳ್ಳಿ. ಕೆರೆ, ಕಟ್ಟೆ, ಹೊಲಗಳ ಹೆಸರುಗಳನ್ನು ಪಟ್ಟಿ ಮಾಡಿ. ಹಬ್ಬದಲ್ಲಿ ಯಾವ ಕೇರಿಯವರ ಪಾಲು ಏನು, ಯಾರನ್ನು ಹೊರಗಿಡಲಾಗಿತ್ತು, ಅದು ಹೇಗೆ ಬದಲಾಯಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ಕೇಳುವಾಗ ಎಲ್ಲ ಕೇರಿಗಳಿಗೂ ಹೋಗಿ; ಅಜ್ಜಿಯರನ್ನು ಮರೆಯಬೇಡಿ. ಬೈಚೋಜ, ಮಲ್ಲಿತಮ್ಮರು ತಮ್ಮ ಹೆಸರನ್ನು ತಾವೇ ಕೊರೆದಿಟ್ಟರು. ಕೆರೆಯ ಮಣ್ಣು ಹೊತ್ತವರ, ತೋಟಿಕೆ ಮಾಡಿದವರ ಹೆಸರುಗಳನ್ನು ಉಳಿಸುವ ಹೊಣೆ ಈಗ ಊರಿನ ಓದುಬರಹ ಬಲ್ಲ ಮಕ್ಕಳದು.