ಹಿತ್ತಿಲಲ್ಲಿ ಕಂಡ ಮರಿ ಅನಾಥವೇ?

ಮುಂಗಾರಿನ ಬಿರುಗಾಳಿ ಬೀಸಿದ ಮರುದಿನ ವಿದ್ಯಾರ್ಥಿನಿಲಯದ ಹಿತ್ತಿಲಲ್ಲಿ ತೆಂಗಿನ ಗರಿಯೊಂದು ಮುರಿದು ಬಿದ್ದಿತ್ತು. ಅದರೊಡನೆ ಬಿದ್ದ ನಾರಿನ ಗೂಡಿನಿಂದ ಎರಡು ಅಳಿಲುಮರಿಗಳು ಹೊರಕ್ಕುರುಳಿದ್ದವು. ಇನ್ನೂ ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಆ ಜೀವಗಳನ್ನು ಬಾಲಕರು ಅಂಗೈಯಲ್ಲಿರಿಸಿಕೊಂಡು ನನ್ನಲ್ಲಿಗೆ ತಂದರು. ಹತ್ತಿಯ ಬತ್ತಿಯಿಂದ ಆಕಳ ಹಾಲುಣಿಸುವಂತೆ ನಾನೇ ಹೇಳಿದೆ. ಮೂರನೆಯ ದಿನ ಎರಡೂ ಸತ್ತವು. ತಾಯಿ ಅಳಿಲು ಕೂಗುತ್ತ ಆ ಮರದ ಸುತ್ತ ಅಲೆಯುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೆವು. ಅದರ ಅರ್ಥವನ್ನು ಮಾತ್ರ ಗ್ರಹಿಸಲಿಲ್ಲ. ದಯೆಯಿತ್ತು, ತಿಳಿವಳಿಕೆ ಇರಲಿಲ್ಲ.

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲವೆಂಬುದು ಈ ವಿಷಯದಲ್ಲಿ ಮೊದಲು ಮನಗಾಣಬೇಕಾದ ಸಂಗತಿ. ಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲನ್ನೂ ತೆರೆದ ಕಣ್ಣುಗಳನ್ನೂ ಪಡೆದಿರುತ್ತದೆ. ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ದೂರವಿದ್ದು, ಹಾಲೂಡಿಸಲಷ್ಟೇ ಬಂದು ಹೋಗುತ್ತದೆ. ತಾನು ಸದಾ ಬಳಿಯಲ್ಲಿದ್ದರೆ ಶತ್ರುಗಳಿಗೆ ಮರಿಯ ಸುಳಿವು ಹತ್ತೀತೆಂಬುದೇ ಇದಕ್ಕೆ ಕಾರಣ. ಗರಿ ಮೂಡಿದ ಹಕ್ಕಿಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆಯೆಂದೇ ತಿಳಿಯಬೇಕು. ಗರಿ ಮೂಡದ ಮರಿ ಬಿದ್ದಿದ್ದರೆ ಮೆಲ್ಲನೆ ಎತ್ತಿ ಗೂಡಿಗೆ ಸೇರಿಸಬಹುದು. ಮನುಷ್ಯನ ಕೈ ಸೋಂಕಿದ ಮರಿಯನ್ನು ತಾಯಿಹಕ್ಕಿ ತೊರೆಯುವುದೆಂಬ ಮಾತು ನಿಜವಲ್ಲ.

ಅಳಿಲುಮರಿಗಳನ್ನು ಬಟ್ಟೆ ಹಾಸಿದ ಚಿಕ್ಕ ಬುಟ್ಟಿಯಲ್ಲಿಟ್ಟು, ಬೆಕ್ಕು ಇರುವೆಗಳಿಗೆ ಎಟುಕದಂತೆ ಅದೇ ಮರಕ್ಕೆ ಕಟ್ಟಿ ದೂರ ಸರಿಯಬೇಕು. ತಾಯಿ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಒಯ್ಯುವ ಸಂಭವವುಂಟು. ಜನ ಗುಂಪುಗೂಡಿ ನಿಂತರೆ ಅದು ಹತ್ತಿರ ಸುಳಿಯದು.

ಕಬ್ಬಿನ ಸೀಮೆಯವರಿಗೆ ಈ ಪ್ರಶ್ನೆ ಇನ್ನೂ ಗಂಭೀರವಾದುದು. ಕಟಾವಿನ ಕಾಲದಲ್ಲಿ ರವದಿಯ ನಡುವೆ ಕಾಡುಬೆಕ್ಕಿನ ಮರಿಗಳು ದೊರೆಯುವುದುಂಟು. ಅವುಗಳನ್ನು ಚಿರತೆಮರಿಗಳೆಂದು ಭ್ರಮಿಸಿ ಊರವರು ಗಾಬರಿಗೊಳ್ಳುವುದೂ ಉಂಟು. ನಿಜವಾದ ಚಿರತೆಮರಿಗಳೇ ಆಗಿದ್ದರೆ ತಾಯಿ ಸಮೀಪದಲ್ಲಿಯೇ ಇರಬಹುದಾದ್ದರಿಂದ ಕೆಲಸ ನಿಲ್ಲಿಸಿ ಹಿಂದೆ ಸರಿಯುವುದೇ ಕ್ಷೇಮ. ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ ಇಂಥ ಮರಿಗಳನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಸಿಕ್ಕ ಹೊಲದಲ್ಲಿಯೇ ಪೆಟ್ಟಿಗೆಯಲ್ಲಿರಿಸಿದಾಗ, ಕತ್ತಲಾದ ಮೇಲೆ ತಾಯಿ ಬಂದು ಒಯ್ದ ನಿದರ್ಶನಗಳು ಹಲವಿವೆ.

ಮೈಮೇಲೆ ಗಾಯ, ನಾಯಿ ಬೆಕ್ಕುಗಳ ಹಲ್ಲಿನ ಗುರುತು, ಮುತ್ತಿದ ಇರುವೆ, ಪಕ್ಕದಲ್ಲಿ ಸತ್ತ ತಾಯಿ, ತಣ್ಣಗಾದ ದೇಹ: ಇವು ಮರಿಗೆ ನಿಜವಾಗಿ ನೆರವು ಬೇಕೆಂಬುದರ ಲಕ್ಷಣಗಳು. ಆಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಗದ್ದಲವಿಲ್ಲದೆಡೆ ಇರಿಸಿ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸಬೇಕು. ಹಾಲು, ನೀರು ಕೊಡಬಾರದು. ಆಕಳ ಹಾಲು ಅನೇಕ ಮರಿಗಳಿಗೆ ಒಗ್ಗದೆ ಭೇದಿ ಹಿಡಿಸುತ್ತದೆ. ಬಾಯಿಗೆ ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದರೆ ಪ್ರಾಣವೇ ಹೋಗಬಹುದು. ತಣ್ಣಗಾದ ಮರಿ ಆಹಾರವನ್ನು ಅರಗಿಸಿಕೊಳ್ಳಲಾರದು. ಮರಿ ಕಚ್ಚಿದರೆ ಗಾಯವನ್ನು ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣತಕ್ಕದ್ದು.

ಪ್ರೀತಿಯಿಂದ ಸಾಕಿಕೊಳ್ಳುವುದೂ ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆಯೆಂಬ ಪದಕ್ಕೆ ಹಿಡಿಯುವುದೆಂಬ ಅರ್ಥವೂ ಸೇರಿದೆ. ಮೇಲಾಗಿ, ಮನುಷ್ಯರ ನಡುವೆ ಬೆಳೆದ ಪ್ರಾಣಿಗೆ ಆಹಾರ ಹುಡುಕುವ, ಅಪಾಯಕ್ಕೆ ಅಂಜುವ ಪಾಠ ಕಲಿಸುವವರಾರು? ತಾಯಿಯ ಶಾಲೆಯಿಂದ ಬಿಡಿಸಿ ತಂದ ಮರಿಗೆ ನಾವು ಬೇರೆ ಶಾಲೆ ತೆರೆಯಲಾರೆವು.

1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗೆಗಿನ ಅನುಕಂಪವೂ ಒಂದು. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ದಯೆ ಹೊಸ ಪಾಠವಲ್ಲ. ಆದರೆ ಅರಿವಿಲ್ಲದ ದಯೆ ಆಚಾರವಾಗಲಾರದೆಂಬುದನ್ನು ಆ ಎರಡು ಅಳಿಲುಮರಿಗಳು ನನಗೆ ಕಲಿಸಿದವು. ಈಗ ಬಾಲಕರು ಮರಿಯೊಂದನ್ನು ಕಂಡೆವೆಂದು ಓಡಿಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: “ತಾಯಿ ಎಲ್ಲಿದೆ, ನೋಡಿದಿರಾ?”