ಎಲ್ಲಿ ಇಳಿಯುವುದು?

ವಿಟ್ಲದ ನಾಲ್ಕು ಮಾರ್ಗದಲ್ಲಿ ಮಂಗಳೂರಿನ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಜನರಿಗಿಂತ ಮುಂಚೆ ಸಾಮಾನು ಹತ್ತುತ್ತದೆ. ಒಂದು ಕಿಟಕಿಯಿಂದ ಬೈರಾಸು ತೂರಿ ಬೀಳುತ್ತದೆ, ಇನ್ನೊಂದರಿಂದ ಉದ್ದ ಹಿಡಿಯ ಕೊಡೆ, ಮತ್ತೊಂದರಿಂದ ಕಾಲೇಜು ಹುಡುಗಿಯ ಬ್ಯಾಗು. ಬೈರಾಸು ಬಿದ್ದ ಸೀಟು ಬೈರಾಸಿನವರದು. ಯಾವ ಮೋಟಾರು ಕಾಯಿದೆಯಲ್ಲೂ ಹೀಗೆಂದು ಬರೆದಿಲ್ಲ. ಆದರೂ ಬಾಗಿಲಿನಿಂದ ಮೊದಲು ಹತ್ತಿದವನು ಅದನ್ನು ನೋಡಿ, ಒಂದು ಗಳಿಗೆ ನಿಂತು, ಹಿಂದಿನ ಸಾಲಿಗೆ ಹೋಗುತ್ತಾನೆ. ಹೋಗುವಾಗ ಏನೋ ಗೊಣಗುತ್ತಾನೆ, ಅದು ಬೇರೆ.

ನಿಂತವರಿಗೂ ಒಂದು ದಾರಿ ಉಂಟು. ಕಂಬಿ ಹಿಡಿದುಕೊಂಡು, ಕೂತವರ ಮುಖ ಓದಿ, ಕೇಳಬೇಕು: "ಎಲ್ಲಿ ಇಳಿಯುವುದು?" ತುಳುವಿನಲ್ಲಾದರೆ "ಓಲು ಜಪ್ಪುವರ್?" ವೀರಕಂಬ ಎಂದರೆ ಭಾಗ್ಯ. ಕಲ್ಲಡ್ಕ ಎಂದರೆ ಕಾಯಬಹುದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಎಂದರೆ ಬೇರೆ ಮುಖ ಹುಡುಕಬೇಕು. ಕಲ್ಲಡ್ಕ ಎಂದು ಹೇಳಿಸಿಕೊಂಡವರ ಪಾಲಿಗೆ ಆ ಸೀಟು ಅಲ್ಲಿಂದಾಚೆ ಬರೆದುಕೊಟ್ಟ ಆಸ್ತಿ. ಇಳಿಯುವವರು ಅರ್ಧ ಎದ್ದು, ಮೈಯನ್ನೇ ಬೇಲಿಯಾಗಿಸಿ, ವಾರಸುದಾರರನ್ನು ಒಳಗೆ ಬಿಟ್ಟ ಮೇಲೆಯೇ ಹೊರಗೆ ಬರುತ್ತಾರೆ. ನಡುವೆ ನುಸುಳಲು ನೋಡಿದವನಿಗೆ "ಅವರು ಆಗಲೇ ಕೇಳಿದ್ದಾರೆ" ಎಂಬ ಒಂದೇ ಮಾತು ಸಾಕು. ಕೂತವರ ಮೇಲೆ ಒಂದು ತೆರಿಗೆಯೂ ಉಂಟು. ನಿಂತವರ ಚೀಲ, ಟಿಫಿನ್ನು, ಕೆಲವೊಮ್ಮೆ ಮಗು, ಇವೆಲ್ಲ ಅವರ ಮಡಿಲಿಗೆ. ಅದಕ್ಕೆ ಪರಿಚಯವೇನೂ ಬೇಡ. ಕೂತವರೇ ಕೈ ಚಾಚಿ "ಇಲ್ಲಿ ಕೊಡಿ" ಎನ್ನುತ್ತಾರೆ. ಬಸ್ಸು ಮೆಲ್ಕಾರ್ ದಾಟುವಾಗ ಒಬ್ಬರ ಮಡಿಲಲ್ಲಿ ಮೂರು ಮನೆಯ ಮಧ್ಯಾಹ್ನದ ಊಟ ಕೂತಿರುತ್ತದೆ.

ಸರಕಾರಿ ಬಸ್ಸಿನಲ್ಲಿ ಸೀಟಿನ ಮೇಲೆ ಬಣ್ಣದಲ್ಲಿ ಬರೆದದ್ದೂ ಇರುತ್ತದೆ: ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಶಾಸಕರಿಗೆ. ಶಾಸಕರ ಸೀಟಿನಲ್ಲಿ ಶಾಸಕರು ಕೂತದ್ದನ್ನು ನಾನಂತೂ ನೋಡಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟು ಉಚಿತವಾದಾಗ, ಅರ್ಧ ಸೀಟು ಗಂಡಸರಿಗೆಂದು ಕಾದಿರಿಸುವ ನಿಯಮವೂ ಜೊತೆಗೇ ಬಂತು. ಮೀಸಲಾತಿಯ ಬಗ್ಗೆ ಜೀವಮಾನವಿಡೀ ಭಾಷಣ ಮಾಡಿದ ಗಂಡಸರು ಆ ಸೀಟುಗಳಲ್ಲಿ ಬಹಳ ಮೌನವಾಗಿ ಕೂತದ್ದನ್ನು ಮಾತ್ರ ನೋಡಿದ್ದೇನೆ.

ನನ್ನ ಚಿಕ್ಕಮ್ಮ ಈ ಬಸ್ಸುಗಳಲ್ಲಿ ನಲವತ್ತು ವರ್ಷ ಓಡಾಡಿದವಳು. ಮಗಳು ದುಬೈಯಲ್ಲಿ ಹೆರಿಗೆಗೆ ಕಾದಿದ್ದಳು. ಬಾಣಂತನಕ್ಕೆ ಹೊರಟ ಚಿಕ್ಕಮ್ಮನನ್ನು ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಪೆಟ್ಟಿಗೆ: ಒಂದರಲ್ಲಿ ಬಟ್ಟೆ, ಎರಡರಲ್ಲಿ ಹಲಸಿನ ಹಪ್ಪಳ, ಉಂಡ್ಲಕಾಳು, ಲೇಹ, ಮತ್ತು ತೂಕದ ಯಂತ್ರದ ಮುಂದೆ ಹೆಸರು ಹೇಳಲಾಗದ ಇನ್ನೂ ಹಲವು. ಕಾರು ಬಿ.ಸಿ. ರೋಡಿನಿಂದ ಪೊಳಲಿ, ಕೈಕಂಬದ ಒಳದಾರಿ ಹಿಡಿದು ಕೆಂಜಾರಿನ ಗುಡ್ಡ ಹತ್ತಿತು.

ಈ ಗುಡ್ಡದ ಬಜ್ಪೆ ವಿಮಾನ ನಿಲ್ದಾಣಕ್ಕೆ ಮೊದಲ ಪ್ರಯಾಣಿಕರಾಗಿ ಬಂದಿಳಿದವರು ಪಂಡಿತ ನೆಹರೂ, 1951ರ ಡಿಸೆಂಬರ್ 25ರಂದು, ಡಗ್ಲಾಸ್ ಡಿಸಿ-3 ವಿಮಾನದಲ್ಲಿ. ಆಮೇಲೆ ಅರ್ಧ ಶತಮಾನ ಬಜ್ಪೆಯೆಂದರೆ ನಮ್ಮ ಕಡೆಯವರಿಗೆ ನೋಡಲು ಹೋಗುವ ಜಾಗ. ಇಲ್ಲಿಂದ ನೇರ ದುಬೈ ವಿಮಾನ ಶುರುವಾದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೂ ಹಿಂದೆ ಗಲ್ಫಿಗೆ ಹೋದವರು ಬೊಂಬಾಯಿಗೆ ಬಸ್ಸು ಹತ್ತಿ, ಅಲ್ಲಿ ಏಜೆಂಟನ ಕೋಣೆಯಲ್ಲಿ ಮಲಗಿ, ಆಮೇಲೆ ಹಾರಿದವರು. ಆ ತಲೆಮಾರು ಇನ್ನೂ ಸಾಲಿನಲ್ಲಿ ನಿಲ್ಲುತ್ತದೆ, ನಿಂತಲ್ಲಿಂದ ಗುರುತಾಗುತ್ತದೆ.

ಅವತ್ತೂ ಒಬ್ಬರಿದ್ದರು. ಅಚ್ಚ ಬಿಳಿ ಅಂಗಿ, ದಪ್ಪ ಗಡಿಯಾರ. ಅವರ ಹಿಂದೆ ಬೆನ್ನಚೀಲದ ಒಬ್ಬ ಹುಡುಗ, ಅವನ ಚೀಲಕ್ಕೆ ಆಗಾಗ ಹಾರುವವರಿಗೆ ಕೊಡುವ ಬಣ್ಣದ ಪಟ್ಟಿ. "ನಾನು ಬೊಂಬಾಯಿಯಿಂದ ಹೋಗುತ್ತಿದ್ದ ಕಾಲದಿಂದ ಇದ್ದೇನೆ" ಎಂದರು ಬಿಳಿ ಅಂಗಿಯವರು, ಯಾರೂ ಕೇಳದೆಯೇ. ಹುಡುಗ ಫೋನಿನಿಂದ ಕಣ್ಣೆತ್ತದೆ, "ನಂದು ಪ್ರಯಾರಿಟಿ" ಎಂದು ಪಕ್ಕದ ಖಾಲಿ ಸಾಲಿಗೆ ಜಾರಿ, ಅವರಿಗಿಂತ ನಲವತ್ತು ಜನ ಮುಂದೆ ಹೋದ. ಬಿಳಿ ಅಂಗಿಯವರು ಅವನ ಬೆನ್ನನ್ನು ನೋಡಿದ ನೋಟ ನನಗೆ ಪರಿಚಿತ. ಕೋಲದ ಅಂಗಳದಲ್ಲಿ ದೈವದ ಕೈಯಿಂದ ಗಂಧಪ್ರಸಾದ ತನಗಿಂತ ಮೊದಲು ಇನ್ನೊಂದು ಮನೆಗೆ ಹೋದಾಗ ಗುತ್ತಿನ ಯಜಮಾನರು ನೋಡುವ ನೋಟ ಅದು. ಯಾವ ಮನೆಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬ ಆ ಸರದಿಗಾಗಿ ನಮ್ಮಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ, ಕೋರ್ಟಿನ ಮೆಟ್ಟಿಲು ಹತ್ತಿದವರೂ ಇದ್ದಾರೆ. ಪ್ರಸಾದ ಮಾತ್ರ ಎಲ್ಲರಿಗೂ ಒಂದೇ. ವಿಮಾನವೂ ಎಲ್ಲರನ್ನೂ ಒಟ್ಟಿಗೇ ಮುಟ್ಟಿಸುತ್ತದೆ ಎಂದು ಬಿಳಿ ಅಂಗಿಯವರಿಗೆ ಹೇಳಿದ್ದರೆ ಏನೂ ಪ್ರಯೋಜನವಾಗುತ್ತಿರಲಿಲ್ಲ.

ಆಕಾಶದಲ್ಲಿ ಬೈರಾಸು ಹಾಕುವ ಕಾಲವೂ ಒಂದಿತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಮೊದಮೊದಲು ಟಿಕೆಟಿನಲ್ಲಿ ಸೀಟಿನ ನಂಬರೇ ಇರಲಿಲ್ಲ. ಮೊದಲು ಹತ್ತಿದವರು ಬೇಕಾದಲ್ಲಿ ಕೂರಬಹುದು. ಜನ ಓಡಿದರು. ಸೂಟು ಹಾಕಿದವರೂ ಓಡಿದರು. ಆಗ ಅದನ್ನು ಕಂಡು ಮೂಗು ಮುರಿದವರು ಬಹಳ, ಹಳ್ಳಿಯ ಬಸ್ಸಿನ ಹಾಗಾಯಿತು ಎಂದು. ಹಳ್ಳಿಯ ಬಸ್ಸಿನಲ್ಲಿ ಎಷ್ಟು ಕಟ್ಟುಕಟ್ಟಳೆ ಉಂಟೆಂದು ಅವರಿಗೆ ಗೊತ್ತಿರಲಾರದು. ಈಗ ಓಟವಿಲ್ಲ, ಮನೆಯಲ್ಲಿ ಕೂತು ಫೋನಿನಲ್ಲೇ ಬೈರಾಸು ಹಾಕಬಹುದು, ಒಂದೊಂದು ಸೀಟಿಗೆ ಒಂದೊಂದು ದರ. ಕಿಟಕಿಗೆ ಒಂದು, ಕಾಲು ಚಾಚುವ ಜಾಗಕ್ಕೆ ಇನ್ನೊಂದು. ದುಡ್ಡು ಕೊಡದವರಿಗೆ ಯಂತ್ರ ಕೊಟ್ಟದ್ದೇ ಸೀಟು.

ನಾನು ಕೊಟ್ಟಿರಲಿಲ್ಲ. ಅಡಕೆ ಬೆಳೆಗಾರರ ಮನೆಯವನು, ಕೂರುವುದಕ್ಕೆ ಬೇರೆ ದುಡ್ಡೇ ಎಂದುಕೊಂಡಿದ್ದೆ. ಯಂತ್ರ ಚಿಕ್ಕಮ್ಮನಿಗೆ 11ಬಿ ಕೊಟ್ಟಿತು, ನನಗೆ 27ಇ. ಎರಡೂ ನಡುವಿನ ಸೀಟು.

ಆ ಬೋಯಿಂಗ್ 737ರಲ್ಲಿ ಸಾಲಿಗೆ ಆರು ಜನ, ಆಚೆ ಮೂರು, ಈಚೆ ಮೂರು, ನಡುವೆ ಒಬ್ಬರು ನಡೆಯುವಷ್ಟು ದಾರಿ. ಎ ಮತ್ತು ಎಫ್ ಕಿಟಕಿಗೆ, ಸಿ ಮತ್ತು ಡಿ ದಾರಿಯ ಬದಿಗೆ, ಬಿ ಮತ್ತು ಇ ಯಾರಿಗೂ ಬೇಡದ್ದು. ಸೀಟು ಬದಲಿಸುವ ವ್ಯವಹಾರಕ್ಕೆ ಇಳಿದಾಗಲೇ ನನಗೆ ಗೊತ್ತಾದದ್ದು: ನಡುವಿನ ಸೀಟು ಹರಿದ ನೋಟಿನ ಹಾಗೆ. ಅದನ್ನು ಕೊಟ್ಟು ಏನನ್ನೂ ಕೊಳ್ಳಲಾಗುವುದಿಲ್ಲ.

ಆದರೂ ಪ್ರಯತ್ನಪಟ್ಟೆ. ನನ್ನ ಪಕ್ಕದ 27ಡಿಯಲ್ಲಿದ್ದ ಹುಡುಗ ಸಾಲೆತ್ತೂರಿನವನು, ಮೊದಲ ಸಲ ಕೆಲಸಕ್ಕೆ ಹೊರಟವನು. ವಿಷಯ ಹೇಳಿದ ಕೂಡಲೇ "ನೀವು ಇದನ್ನು ತಗೊಳ್ಳಿ ಅಣ್ಣ, ನಾನು ನಡುವೆ ಕೂರ್ತೇನೆ" ಎಂದು ದಾರಿಯ ಬದಿಯ ಸೀಟು ಬಿಟ್ಟುಕೊಟ್ಟ. ಈಗ ನನ್ನ ಕೈಯಲ್ಲಿ ಚಲಾವಣೆಯ ನಾಣ್ಯ. ಅದನ್ನು ಹಿಡಿದುಕೊಂಡು ಎದುರಿನಿಂದ ಬರುವವರ ಪೆಟ್ಟಿಗೆಗಳಿಗೆ ಬೆನ್ನು ಕೊಡುತ್ತ ಹನ್ನೊಂದನೆಯ ಸಾಲಿಗೆ ನಡೆದೆ. 11ಸಿಯಲ್ಲಿ ಕೂತಿದ್ದವರು ಅದೇ ಬಿಳಿ ಅಂಗಿಯವರು.

"ಸರ್, ಇವರು ನಮ್ಮ ಚಿಕ್ಕಮ್ಮ, ಮೊದಲ ಸಲ ವಿಮಾನ. ನನಗೆ ಹಿಂದೆ ದಾರಿ ಬದಿಯದ್ದೇ ಸೀಟು ಉಂಟು..."

"ಎಷ್ಟನೆಯದ್ದು?"

"ಇಪ್ಪತ್ತೇಳು."

ಅವರು ಸಿಟ್ಟಾಗಲಿಲ್ಲ. "ಇಪ್ಪತ್ತೇಳಾ?" ಎಂದು ಆ ಸಂಖ್ಯೆಯನ್ನು ಬಾಯಲ್ಲಿಟ್ಟು ನೋಡಿ ಹಿಂದೆ ಕೊಟ್ಟರು. "ನಾನು ದುಡ್ಡು ಕೊಟ್ಟು ತಗೊಂಡದ್ದು. ಬೇಜಾರು ಮಾಡಬೇಡಿ."

ಬೇಜಾರು ಆಯಿತು, ಆದರೆ ತಪ್ಪು ಅವರದಲ್ಲ. ಕೇಳುವವನ ಕೈಯಲ್ಲಿ ಕೊಡುವವನದಕ್ಕಿಂತ ಒಳ್ಳೆಯದು ಅಥವಾ ಅದಕ್ಕೆ ಸಮನಾದದ್ದು ಇರಬೇಕು. ಇಲ್ಲದಿದ್ದರೆ ಅದು ಬದಲಾವಣೆಯಲ್ಲ, ದಾನ. ದಾನವನ್ನು ಕೇಳಬಹುದು, ದಬಾಯಿಸುವ ಹಾಗಿಲ್ಲ. ನನಗೆ ಆಗದವರು ಬೇರೆ ಇದ್ದಾರೆ. ಮೊದಲೇ ಇನ್ನೊಬ್ಬರ ಸೀಟಿನಲ್ಲಿ ಕೂತು, ಬೆಲ್ಟೂ ಬಿಗಿದು, ಯಜಮಾನ ಬಂದ ಮೇಲೆ "ನೀವು ಅಲ್ಲಿ ಕೂರ್ತೀರಾ?" ಎನ್ನುವವರು. ಬೈರಾಸನ್ನು ಎತ್ತಿ ಕೆಳಗೆ ಹಾಕಿ ಕೂರುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇನ್ನು ಕೆಲವರು ತಾವು ಕೇಳದೆ ಗಗನಸಖಿಯನ್ನು ಮುಂದೆ ಮಾಡುತ್ತಾರೆ. ಇಲ್ಲವೆಂದರೆ ನೀವು ಇಡೀ ವಿಮಾನದ ಎದುರು ಕಲ್ಲೆದೆಯವರು. ಮಕ್ಕಳಿರುವವರಿಗೆ ಈ ಪಡಿಪಾಟಲು ಈಗ ಅಷ್ಟಿಲ್ಲ: ಒಂದೇ ಬುಕಿಂಗಿನಲ್ಲಿ ಬಂದರೆ ಹನ್ನೆರಡರವರೆಗಿನ ಮಗುವಿನ ಪಕ್ಕ ತಂದೆತಾಯಿಯಲ್ಲಿ ಒಬ್ಬರನ್ನೋ ಪೋಷಕರನ್ನೋ ಕೂರಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ಹೇಳಿದೆ. ಚಿಕ್ಕಮ್ಮಂದಿರ ಬಗ್ಗೆ ಅದು ಏನೂ ಹೇಳಿಲ್ಲ.

ಚಿಕ್ಕಮ್ಮ ಇದನ್ನೆಲ್ಲ ಮದುವೆಮನೆಯ ಹಂತಿಯಲ್ಲಿ ಕೂತವಳ ಹಾಗೆ ನೋಡುತ್ತಿದ್ದಳು. ನಮ್ಮ ಹವ್ಯಕರ ಊಟದ ಹಂತಿಯಲ್ಲೂ ಎಲೆ ಹಾಕಿದ ಮೇಲೆ ಇದೇ ಗಲಾಟೆ. "ನಿಂಗೊ ಮೇಲೆ ಬನ್ನಿ ಭಾವ." "ಬೇಡ ಬೇಡ, ಎನಗೆ ಇಲ್ಲಿಯೇ ಅಕ್ಕು." ಮೂರು ಸಲ ಕರೆದ ಮೇಲೆ ಏಳಬೇಕು. ಮೊದಲ ಸಲಕ್ಕೇ ಎದ್ದರೆ ಆಸೆಬುರುಕ, ಮೂರನೆಯ ಸಲಕ್ಕೂ ಏಳದಿದ್ದರೆ ಜಂಬಗಾರ. ಅವಳು ನನ್ನ ಕೈ ತಟ್ಟಿ, "ಎನಗೆ ಎಲ್ಲಿ ಆದರೂ ಅಕ್ಕು. ನೀನು ಹೋಗಿ ಕೂರು" ಎಂದಳು. ನಾನು ಹಿಂದಕ್ಕೆ ಹೋದೆ.

ವಿಮಾನ ಓಡತೊಡಗಿತು. ಕೆಂಜಾರಿನ ಓಡುದಾರಿ 2,450 ಮೀಟರ್, ಅದು ಮುಗಿದಲ್ಲಿ ಗುಡ್ಡವೂ ಮುಗಿಯುತ್ತದೆ. ಅಲ್ಲಿ ಎಲ್ಲರೂ ಸುಮ್ಮನಾದರು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇದೇ ಅಂಚಿನಿಂದ ಕೆಳಗೆ ಹೋಗಿ 158 ಜನ ಹೋದರು, ಎಂಟು ಜನ ಬದುಕಿದರು. ನಮ್ಮ ಕಡೆ ಆ ದಿನದ ಒಂದಾದರೂ ಮನೆ ಗೊತ್ತಿಲ್ಲದವರು ಕಡಿಮೆ. ಅದರ ಮಾತು ವಿಮಾನದೊಳಗೆ ಯಾರೂ ಎತ್ತುವುದಿಲ್ಲ. ಪ್ರಯಾರಿಟಿಯ ಹುಡುಗನೂ ಫೋನು ಕೆಳಗಿಟ್ಟಿದ್ದ. ನೆಲ ಬಿಟ್ಟು, ಕೆಳಗೆ ಫಲ್ಗುಣಿ ಕಂಡ ಮೇಲೆ ಯಾರೋ ಕೆಮ್ಮಿದರು, ಮಾತು ಮತ್ತೆ ಶುರುವಾಯಿತು.

ಬೆಲ್ಟಿನ ದೀಪ ಆರಿದಾಗ ಮುಂದೆ ಹೋಗಿ ನೋಡಿದೆ. 11ಬಿಯಲ್ಲಿ ಚಿಕ್ಕಮ್ಮ ಇಲ್ಲ. ಅವಳು 11ಎಯಲ್ಲಿ, ಕಿಟಕಿಯ ಬದಿಗೆ. ಅಲ್ಲಿದ್ದವರು ನಡುವಿಗೆ ಬಂದಿದ್ದಾರೆ, ಕನ್ಯಾನ ಕಡೆಯ ಒಬ್ಬ ಬ್ಯಾರಿ ವ್ಯಾಪಾರಿ. ನಾನು ಇಪ್ಪತ್ತು ನಿಮಿಷ ನಾಣ್ಯ ಹಿಡಿದು ಓಡಾಡಿ ಆಗದ್ದು ಅವಳಿಗೆ ಆದದ್ದು ಒಂದು ಪ್ರಶ್ನೆಯಿಂದ. ಬಸ್ಸಿನ ಅಭ್ಯಾಸ, ಪಕ್ಕದವರನ್ನು ಕೇಳಿದ್ದಾಳೆ: "ನೀವು ಎಲ್ಲಿ ಇಳಿಯುವುದು?"

ಬಿಳಿ ಅಂಗಿಯವರು ನಕ್ಕರಂತೆ. ವ್ಯಾಪಾರಿ ನಗಲಿಲ್ಲ. "ದುಬೈಲಿ ಇಳಿದು ಶಾರ್ಜಾಕ್ಕೆ ಹೋಗ್ಲಿಕ್ಕುಂಟು ಅಮ್ಮ. ನಿಮ್ಮ ಮನೆ ಎಲ್ಲಿ?" ಮನೆ ವಿಟ್ಲದ ಸಿ.ಪಿ.ಸಿ.ಆರ್.ಐ. ದಾಟಿ. 1956ರಲ್ಲಿ ಕೇಂದ್ರ ಅಡಕೆ ಸಂಶೋಧನಾ ಕೇಂದ್ರವಾಗಿ ಶುರುವಾದ ಆ ತೋಟ ನಮ್ಮ ಕಡೆಯವರಿಗೆ ವಿಳಾಸ ಹೇಳುವ ಕಂಬ. ಅಲ್ಲಿಂದ ಮಾತು ಅಡಕೆಗೆ ಬಂತು, ಮಂಗಳ ತಳಿಗೆ, ಕೊಳೆರೋಗಕ್ಕೆ, ಆಮೇಲೆ ಅವರ ಮಾವ ಒಂದು ಕಾಲದಲ್ಲಿ ನಮ್ಮ ಅಜ್ಜನ ಅಂಗಳದಿಂದ ಚಾಲಿ ಅಡಕೆ ಹೇರಿಕೊಂಡು ಹೋಗುತ್ತಿದ್ದದ್ದಕ್ಕೆ. ಅಷ್ಟಾದ ಮೇಲೆ ಆ ಮನುಷ್ಯ ಕಿಟಕಿ ಬದಿಯಲ್ಲಿ ಕೂತಿರುವುದು ಹೇಗೆ? "ನೀವು ಈಚೆ ಬನ್ನಿ ಅಮ್ಮ." ಮೂರು ಸಲ ಕರೆದರಂತೆ. ಮೂರನೆಯದಕ್ಕೆ ಎದ್ದಳು.

ಎದ್ದು ಹೋಗಿ ಕೂತು, ಮೋಡ ನೋಡಲು ತಿರುಗಿದರೆ ಗೋಡೆ.

ಈ ಜಾತಿಯ ವಿಮಾನಗಳಲ್ಲಿ ಹನ್ನೊಂದರ ಆಸುಪಾಸು ಎಡಬದಿಗೆ ಹೀಗೊಂದು ಜಾಗ ಇರುವುದುಂಟು. ಹೊಟ್ಟೆಯ ಕೆಳಗಿನ ತಂಪು ಗಾಳಿಯನ್ನು ಮಾಡಿಗೆ ಒಯ್ಯುವ ಕೊಳವೆ ಅಲ್ಲಿ ಗೋಡೆಯೊಳಗೆ ಹಾದುಹೋಗುವುದರಿಂದ ಕಿಟಕಿ ಕೊರೆಯಲಾಗುವುದಿಲ್ಲ. ಸೀಟಿನ ಹೆಸರು ಮಾತ್ರ ಕಿಟಕಿಯದೇ, ದರವೂ ಕಿಟಕಿಯದೇ.

"ಇದರಲ್ಲಿ ಕಿಟಿಕಿಯೇ ಇಲ್ಲೆ!" ಎಂದಳು ಚಿಕ್ಕಮ್ಮ ನನ್ನ ಕಡೆ ತಿರುಗಿ.

ವ್ಯಾಪಾರಿಯ ಮುಖ ಕೆಂಪಾಯಿತು. "ಹತ್ತಿದ ಮೇಲೆ ಗೊತ್ತಾದದ್ದು ಅಮ್ಮ. ಕೊಡುವಾಗ ಹೇಳ್ಲಿಕ್ಕೆ ನಾಚಿಕೆ ಆಯ್ತು." ಆಗ ಬಿಳಿ ಅಂಗಿಯವರು ಮೊದಲ ಸಲ ಜೋರಾಗಿ ನಕ್ಕರು, "ನಿಮ್ಮತ್ರ ಎಷ್ಟು ತಗೊಂಡ್ರು ಇದಕ್ಕೆ?" ಎಂದು ಕೇಳಿದರು. ಇಬ್ಬರೂ ತಮ್ಮ ತಮ್ಮ ಸೀಟಿನ ದರ ಹೇಳಿಕೊಂಡರು. ಗೋಡೆಯದು ಹೆಚ್ಚು. ಬಿಳಿ ಅಂಗಿಯವರ ಗಡಿಯಾರದ ಕೈ ಹಗುರಾಗಿ ತೋಳುಗಟ್ಟೆಯ ಮೇಲಿಂದ ಕೆಳಗೆ ಬಂತು. ಅಲ್ಲಿಗೆ ವ್ಯಾಪಾರಿಯ ಮೊಣಕೈ ಬಂತು. ಚಿಕ್ಕಮ್ಮ ಚೀಲ ಬಿಚ್ಚಿ ಉಂಡ್ಲಕಾಳಿನ ಪೊಟ್ಟಣ ತೆಗೆದಳು. ಮೊದಲು ವ್ಯಾಪಾರಿಗೆ, ಆಮೇಲೆ ಬಿಳಿ ಅಂಗಿಗೆ, ಕೊನೆಗೆ ನಿಂತಿದ್ದ ನನಗೆ.

ದುಬೈಯಲ್ಲಿ ಚಕ್ರ ನೆಲ ಮುಟ್ಟಿದ್ದೇ ತಡ, ಇಡೀ ವಿಮಾನ ಎದ್ದು ನಿಂತಿತು. ಗಡಿಯಾರಗಳು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿದವು. ಮುಂದಿನ ಸಾಲಿನವರು ಮೊದಲು ಇಳಿದು ಬಸ್ಸು ಹತ್ತಿದರು, ಹಿಂದಿನ ಸಾಲಿನವರು ಬರುವವರೆಗೆ ಆ ಬಸ್ಸು ಅಲ್ಲೇ ನಿಂತಿತ್ತು. ಅದರಲ್ಲಿ ಸೀಟು ಬೆರಳೆಣಿಕೆಯಷ್ಟು. ಪ್ರಯಾರಿಟಿಯ ಹುಡುಗ ಒಂದರಲ್ಲಿ ಕೂತಿದ್ದ. ಚಿಕ್ಕಮ್ಮ ಹತ್ತಿದಾಗ ಏನೂ ಹೇಳದೆ ಎದ್ದ. ಅವಳು ಕೂತಳು, ಸೆರಗು ಸರಿಮಾಡಿಕೊಂಡಳು. ಎದುರಿಗೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಭಾರದ ಚೀಲ ಹಿಡಿದು ಬಿಳಿ ಅಂಗಿಯವರು ನಿಂತಿದ್ದರು. ಬಸ್ಸು ಹೊರಳಿದಾಗ ಓಲಾಡಿದರು.

ಚಿಕ್ಕಮ್ಮ ಕೈ ಚಾಚಿದಳು.

"ಇಲ್ಲಿ ಕೊಡಿ."