ಮರದ ಕಂಬಕ್ಕೆ ಏಳಡಿ ಕಲ್ಲಿನ ಕಾಲು

ಕೊಟ್ಟಿಗೆಯ ಮರದ ಕಂಬ ಮೊದಲು ಕೆಡುವುದು ಎಲ್ಲಿ? ಬುಡದಲ್ಲಿ ತಾನೇ. ಮಾಡು ಎಷ್ಟೇ ಗಟ್ಟಿಯಿರಲಿ, ಬುಡ ಲಡ್ಡಾದರೆ ಕಟ್ಟಡವೇ ಕೂರುತ್ತದೆ. ಈ ತಲೆನೋವಿಗೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಕಂಡುಕೊಂಡ ಉಪಾಯ ಏಳುನೂರು ವರ್ಷ ದಾಟಿಯೂ ನಿಂತಿದೆ.

ಹಳ್ಳಿಯ ಹೆಸರು ಗ್ರೇಟ್ ಕಾಕ್ಸ್‌ವೆಲ್. ಆಕ್ಸ್‌ಫರ್ಡ್‌ಶೈರಿನಲ್ಲಿ, ಫ್ಯಾರಿಂಗ್ಡನ್ ಪೇಟೆಯ ಹತ್ತಿರ. ಅಲ್ಲಿನ 'ಬಾರ್ನ್' ಸುಮಾರು 1292ರದ್ದು. ಮರದ ಉಂಗುರ ಎಣಿಸಿ ಗೊತ್ತುಮಾಡಿದ ಕಾಲ ಇದು. ಬಾರ್ನ್ ಅಂದರೆ ಕೊಯ್ದ ಬೆಳೆಯನ್ನು ಸೂಡಿಕಟ್ಟಿ ಒಟ್ಟುವ, ಅಲ್ಲೇ ಬಡಿದು ಕಾಳು ಮಾಡುವ ಕಟ್ಟಡ. ಕಣಜ, ಕಣ ಎರಡೂ ಒಂದೇ ಮಾಡಿನಡಿ. ಉದ್ದ ಸುಮಾರು 152 ಅಡಿ, ಅಗಲ 44, ಎತ್ತರ 48 ಅಡಿ.

ಮಠದ ಬೇಸಾಯ

13ನೇ ಶತಮಾನದ ಆರಂಭದಲ್ಲಿ ಕಿಂಗ್ ಜಾನ್ ಈ ಕಡೆಯ ಭೂಮಿಯನ್ನು ಸಿಸ್ಟರ್ಸಿಯನ್ ಸನ್ಯಾಸಿಗಳಿಗೆ ಕೊಟ್ಟ. ಅವರ ಬ್ಯೂಲಿ ಮಠ ಇದ್ದದ್ದು ದೂರದ ಹ್ಯಾಂಪ್‌ಶೈರಿನಲ್ಲಿ. ಗ್ರೇಟ್ ಕಾಕ್ಸ್‌ವೆಲ್ ಅವರ ಹೊರ ಜಮೀನು. ಇದನ್ನು ರೈತರಿಂದ ಹತ್ತರಲ್ಲೊಂದು ಪಾಲು ವಸೂಲುಮಾಡಿ ತುಂಬುವ 'ಟೈದ್ ಬಾರ್ನ್' ಎಂದು ಕರೆಯುವುದುಂಟು. ಅದು ಸರಿಯಲ್ಲ. ಇಲ್ಲಿ ತುಂಬುತ್ತಿದ್ದುದು ಮಠದ ಸ್ವಂತ ಬೇಸಾಯದ ಬೆಳೆ.

ಭಾರ ಹೊರುವುದು ಯಾರು?

ಹೊರಗಿನಿಂದ ನೋಡಿದರೆ ಪೂರಾ ಕಲ್ಲಿನ ಕಟ್ಟಡ. ದಪ್ಪ ಗೋಡೆ, ಗೋಡೆಗೆ ಅಲ್ಲಲ್ಲಿ ಒತ್ತುಕೊಟ್ಟ ಕಲ್ಲಿನ ಆಸರೆ. ಮಾಡಿಗೂ ಕಲ್ಲಿನ ಹಂಚು. ಒಳಗೆ ಹೋದರೆ ಬೇರೆಯೇ ಲೋಕ. ಓಕ್ ಮರದ ಕಂಬಗಳು ಎರಡು ಸಾಲಾಗಿ ಆರು ಜೊತೆ ನಿಂತಿವೆ. ನಡುವೆ ಅಗಲ ಓಣಿ, ಎಡಬಲಕ್ಕೆ ಕಿರಿದಾದ ಓಣಿ. ಕಲ್ಲುಹಂಚಿನ ತೂಕದ ಹೆಚ್ಚಿನ ಪಾಲು ಈ ಕಂಬಗಳ ಮೇಲೆ. ಎರಡು ಜೊತೆಗಳ ನಡುವೆ ಗೋಡೆಯಿಂದಲೇ ಏಳುವ ಬಾಗುಮರಗಳು ಪಕ್ಕಾಸಿಗೆ ಇನ್ನೊಂದು ಆಸರೆ.

ಕಂಬಗಳು ನೆಲ ಮುಟ್ಟಿಲ್ಲ ನೋಡಿ! ಪ್ರತಿಯೊಂದೂ ಸುಮಾರು ಏಳಡಿ ಎತ್ತರದ ಕಲ್ಲಿನ ಪೀಠದ ಮೇಲಿದೆ. ನೆಲದ ಪಸೆ ಮರಕ್ಕೆ ಏರುವುದಿಲ್ಲ. ಅಷ್ಟು ಎತ್ತರಕ್ಕೆ ಕಲ್ಲೇ ಕೆಲಸಮಾಡುವ ಕಾರಣ ಕಂಬದ ಮರವೂ ಅಷ್ಟು ಉದ್ದ ಬೇಕಾಗಲಿಲ್ಲ.

ಓಕನ್ನು ಹಸಿಯಿರುವಾಗಲೇ ಕೆತ್ತುವುದು ಆಗಿನ ಪದ್ಧತಿ. ಒಣಗಿದರೆ ಉಳಿ ಹಿಡಿಯದಷ್ಟು ಗಟ್ಟಿ. ಒಂದು ತುಂಡಿನ ನಾಲಗೆ ಇನ್ನೊಂದರ ತೂತಿಗೆ ಸೇರಿಸಿ, ಅಡ್ಡಕ್ಕೆ ಓಕ್ ಗೂಟ ಹೊಡೆಯುತ್ತಿದ್ದರು. ಮರ ಒಣಗಿ ಕುಗ್ಗಿದ ಹಾಗೆ ಜೋಡಣೆ ಇನ್ನಷ್ಟು ಬಿಗಿ.

ಬಾಗಿಲೇ ಗಾಳಿಯಂತ್ರ

ಉದ್ದಗೋಡೆಗಳ ನಡುವೆ ಎದುರುಬದುರು ಬಾಗಿಲು. ಇಂಥ ಬಾರ್ನ್‌ಗಳಲ್ಲಿ ಆ ಎರಡು ಬಾಗಿಲುಗಳ ನಡುವಿನ ಜಾಗವೇ ಕಣ. ಚಳಿಗಾಲ ಪೂರ್ತಿ ಮಳೆ, ಹಿಮಕ್ಕೆ ಹೆದರದೆ ಕೋಲಿನಿಂದ ಬಡಿಯಬಹುದಿತ್ತು. ತೂರುವಾಗ ಎರಡೂ ಬಾಗಿಲು ತೆರೆದರೆ ಗಾಳಿ ಹಾಯ್ದು ಹೊಟ್ಟು ಹಾರುತ್ತಿತ್ತು. ತುದಿಗೋಡೆಗಳಲ್ಲಿ ಈಗ ಕಾಣುವ ದೊಡ್ಡ ಬಾಗಿಲುಗಳು ಬಹಳ ಈಚಿನವು.

ಉಳಿದದ್ದು ಹೇಗೆ?

1538ರಲ್ಲಿ ಬ್ಯೂಲಿ ಮಠ ಮುಚ್ಚಿತು. ಬಾರ್ನ್ ಮಾತ್ರ ಬೀಳಲಿಲ್ಲ. ಮುಂದೆ ಬಂದ ಒಡೆಯರಿಗೂ ಬೆಳೆ ಇಡಲು ಜಾಗ ಬೇಕಿತ್ತಲ್ಲ! ಇದೇ ಮಠದ ಇನ್ನೊಂದು ಬಾರ್ನ್ ಹ್ಯಾಂಪ್‌ಶೈರಿನ ಸೇಂಟ್ ಲೆನರ್ಡ್ಸ್‌ನಲ್ಲಿತ್ತು. ಇದಕ್ಕಿಂತಲೂ ದೊಡ್ಡದು. ಅದರ ಮೂಲ ಮಾಡು ಉಳಿಯಲಿಲ್ಲ. ಪಾಳುಗೋಡೆಗಳ ಒಳಗೆ ಆಮೇಲೆ ಸಣ್ಣದೊಂದನ್ನು ಕಟ್ಟಿಕೊಂಡರು.

ಒಕ್ಕಣೆ ಯಂತ್ರ, ಆಮೇಲೆ ಕಂಬೈನ್ ಬಂದವು. ಬಡಿಯುವ ಕಣವೇ ಬೇಡವಾಯಿತು. ಇಂಗ್ಲೆಂಡಿನ ಎಷ್ಟೋ ಬಾರ್ನ್‌ಗಳು ಈಗ ವಾಸದ ಮನೆಗಳು. ಒಳಗೆ ಅಟ್ಟ, ಅಡ್ಡಗೋಡೆ ಬಂದ ಮೇಲೆ ಕಂಬದಿಂದ ಮಾಡಿನವರೆಗೆ ಒಂದೇ ನೋಟಕ್ಕೆ ಕಾಣುವುದಿಲ್ಲ.

ಗ್ರೇಟ್ ಕಾಕ್ಸ್‌ವೆಲಿಗೆ ಅಭಿಮಾನಿಗಳಿದ್ದರು. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿದ್ದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಇದನ್ನು ಬಹಳ ಮೆಚ್ಚಿದ್ದ. ಅರ್ನೆಸ್ಟ್ ಕುಕ್ ಎಂಬವರ ಉಯಿಲಿನ ಮೂಲಕ 1956ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಬಂತು. ಈಗ ಅಲ್ಲಿ ಬೆಳೆಯಿಲ್ಲ, ನೋಡಲು ಬರುವ ಜನರಿದ್ದಾರೆ.

ಕೆಲಸವಿದ್ದಷ್ಟು ಕಾಲ ಒಡೆದ ಹಂಚನ್ನು ರೈತನೇ ಬದಲಿಸುತ್ತಾನೆ. ಕೆಲಸ ತಪ್ಪಿದ ಮೇಲೆ ಯಾರು ಬದಲಿಸಬೇಕು? ಎಲ್ಲ ಹಳೆ ಕಟ್ಟಡಕ್ಕೂ ಒಬ್ಬ ಕುಕ್ ಸಿಗುವುದಿಲ್ಲ. ಹಳೆ ಕೊಟ್ಟಿಗೆ ಬಿಚ್ಚಲೇಬೇಕೆಂದಿದ್ದರೆ, ಅದಕ್ಕೆ ಮೊದಲು ಅಳತೆ ತೆಗೆದು ಜೋಡಣೆಯ ಚಿತ್ರವನ್ನಾದರೂ ಬರೆದಿಡಿ. ಕಟ್ಟಿದವರ ಲೆಕ್ಕಾಚಾರ ಇರುವುದು ಆ ಜೋಡಣೆಯಲ್ಲೇ.